ಸರ್ವೇಯರನ ಸಹಿಯ ಹಿಂದೆ ಯಾರಿದ್ದಾರೆ

ಹಡಗಿನ ಸರ್ವೇಯರನ ಕೆಲಸವನ್ನು ಹೊರಗಿನಿಂದ ನೋಡುವವರಿಗೆ ಅದು ಅಳತೆ, ಲೆಕ್ಕ ಮತ್ತು ವರದಿಯ ಕೆಲಸವಾಗಿ ಕಾಣುತ್ತದೆ. ಅದು ನಿಜವೇ. ಆದರೆ ಕುಂಬಳೆಯಲ್ಲಿ ಮನೆ ಮಾಡಿಕೊಂಡು, ಕೆಲವು ದಿನ ಪಣಂಬೂರಿನ ನವಮಂಗಳೂರು ಬಂದರಿಗೆ, ಕೆಲವು ದಿನ ಮಂಜೇಶ್ವರ, ಕಾಸರಗೋಡು, ಚೆರುವತ್ತೂರಿನ ಮಡಕ್ಕರ ಎಂದು ಮೀನುಗಾರಿಕಾ ಬಂದರುಗಳಿಗೆ ಓಡಾಡುತ್ತ ಈ ವೃತ್ತಿಯಲ್ಲಿ ಬಹುಕಾಲ ಕಳೆದ ಮೇಲೆ, ಇದರ ಮುಖ್ಯ ಲಕ್ಷಣವಾಗಿ ನನಗೆ ಕಾಣುವುದು ಒಂಟಿತನ. ವೈದ್ಯನಿಗೆ ಸಂದೇಹ ಬಂದರೆ ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ವೈದ್ಯನಿರುತ್ತಾನೆ. ವಕೀಲನಿಗೆ ನ್ಯಾಯಾಲಯದ ಆವರಣದಲ್ಲಿ ಹಿರಿಯರು ಸಿಗುತ್ತಾರೆ. ಸರ್ವೇಯರ್ ಹಗ್ಗದ ಏಣಿ ಹತ್ತಿ ಒಬ್ಬನೇ ಹಡಗನ್ನೇರುತ್ತಾನೆ, ಒಬ್ಬನೇ ನೋಡುತ್ತಾನೆ, ಒಬ್ಬನೇ ತೀರ್ಮಾನಿಸಿ ಸಹಿ ಹಾಕುತ್ತಾನೆ. ಅವನಿಗೆ ಸಂಭಾವನೆ ಕೊಡುವವರು ಮತ್ತು ಅವನ ತೀರ್ಮಾನದಿಂದ ಲಾಭ ಅಥವಾ ನಷ್ಟ ಹೊಂದುವವರು ಬಹಳ ಸಲ ಒಬ್ಬರೇ ಆಗಿರುತ್ತಾರೆ. ಮರೈನ್ ಸರ್ವೇಯರುಗಳಿಗೆ ವೃತ್ತಿಪರ ಸಂಘವೊಂದು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ. ತರಬೇತಿ, ಪ್ರಮಾಣಪತ್ರ, ವಾರ್ಷಿಕ ಸಮ್ಮೇಳನ ಇವೆಲ್ಲ ಸಂಘದ ಕೆಲಸಗಳೇ ಆದರೂ, ಒಬ್ಬನೇ ನಿಂತು ಸಹಿ ಹಾಕುವವನ ಬೆನ್ನಿಗೆ ನಿಲ್ಲುವುದೇ ಅದರ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ.

ನಮ್ಮ ಕಡೆಯ ಬಂದರುಗಳಲ್ಲಿ ಸರ್ವೇಯರ್ ಎಂದರೆ ಯಾರ ಪರವಾಗಿ ಬಂದವನು ಎಂಬುದು ಹೆಚ್ಚಿನವರಿಗೆ ಸ್ಪಷ್ಟವಿರುವುದಿಲ್ಲ. ಸರ್ಕಾರದ ಪರವಾಗಿ, ಹಡಗು ಕಾನೂನಿನಂತೆ ಸಮುದ್ರಕ್ಕೆ ಹೋಗಲು ಯೋಗ್ಯವೇ ಎಂದು ನೋಡುವ ಅಧಿಕಾರಿಗಳು ಹಡಗು ಮಹಾನಿರ್ದೇಶನಾಲಯದ ಕೆಳಗೆ ಬರುವ ಮರ್ಕಂಟೈಲ್ ಮರೈನ್ ಇಲಾಖೆಯವರು. ಹಡಗಿನ ರಚನೆ ಮತ್ತು ಯಂತ್ರಗಳು ನಿಗದಿತ ಮಟ್ಟದಲ್ಲಿವೆ ಎಂದು ಪ್ರಮಾಣೀಕರಿಸುವವರು ಕ್ಲಾಸ್ ಸಂಸ್ಥೆಗಳ ಸರ್ವೇಯರುಗಳು. 1760ರಲ್ಲಿ ಲಂಡನ್ನಿನ ಕಾಫಿ ಅಂಗಡಿಯೊಂದರ ಗಿರಾಕಿಗಳ ನಡುವೆ ಹುಟ್ಟಿದ ಲಾಯ್ಡ್ಸ್ ರಿಜಿಸ್ಟರ್ ಇವುಗಳಲ್ಲಿ ಹಳೆಯದು, ನಮ್ಮ ದೇಶದ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ 1975ರದ್ದು. ಇವರಿಬ್ಬರ ಹಿಂದೆಯೂ ದೊಡ್ಡ ಕಚೇರಿಯಿದೆ, ಬರೆದಿಟ್ಟ ನಿಯಮಗಳಿವೆ. ಮೂರನೆಯವರು ನಮ್ಮಂಥವರು: ವಿಮಾ ಕಂಪನಿ, ಸರಕಿನ ಒಡೆಯ, ಹಡಗಿನ ಒಡೆಯ, ಬಾಡಿಗೆಗೆ ಹಡಗು ಹಿಡಿದವನು ಅಥವಾ ಹಡಗಿನ ಒಡೆಯರೇ ಸೇರಿ ಹೊಣೆ ವಿಮೆಗಾಗಿ ನಡೆಸುವ ಪಿ ಆಂಡ್ ಐ ಕ್ಲಬ್ಬಿನ ಪ್ರತಿನಿಧಿ ಇವರಲ್ಲಿ ಯಾರು ಕರೆದರೂ ಹೋಗಿ ನೋಡಿ ವರದಿ ಕೊಡುವ ಸ್ವತಂತ್ರ ಸರ್ವೇಯರುಗಳು. ಪ್ರಪಂಚದ ಬಹುತೇಕ ದೇಶಗಳಲ್ಲಿ ಈ ಮೂರನೆಯ ಗುಂಪಿಗೆ ಸೇರಲು ಯಾವ ಪರವಾನಗಿಯೂ ಬೇಕಿಲ್ಲ; ವಿಸಿಟಿಂಗ್ ಕಾರ್ಡ್ ಮುದ್ರಿಸಿಕೊಂಡವನು ಮರೈನ್ ಸರ್ವೇಯರ್ ಆಗಬಹುದು.

ಭಾರತದಲ್ಲಿ ವಿಮಾ ನಷ್ಟದ ವಿಷಯದಲ್ಲಿ ಮಾತ್ರ ಕಾನೂನು ಬಿಗಿಯಾಗಿದೆ. 1938ರ ವಿಮಾ ಕಾಯ್ದೆಯ 64 ಯುಎಂ ಕಲಮಿನ ಪ್ರಕಾರ ನಿಗದಿತ ಮೊತ್ತಕ್ಕಿಂತ ದೊಡ್ಡ ಕ್ಲೇಮುಗಳನ್ನು ಪರವಾನಗಿ ಹೊಂದಿದ ಸರ್ವೇಯರನ ವರದಿಯಿಲ್ಲದೆ ತೀರ್ಮಾನಿಸುವಂತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವೇ ಮುಂದೆ ನಿಂತು 2005ರಲ್ಲಿ ವಿಮಾ ಸರ್ವೇಯರುಗಳಿಗಾಗಿ ಸ್ಥಾಪಿಸಿದ ಸಂಸ್ಥೆ ಹೈದರಾಬಾದಿನಲ್ಲಿದೆ. ಲೈಸೆನ್ಶಿಯೇಟ್, ಅಸೋಸಿಯೇಟ್, ಫೆಲೋ ಎಂಬ ಮೂರು ಮೆಟ್ಟಿಲುಗಳಲ್ಲಿ ಅದು ಸದಸ್ಯತ್ವ ಕೊಡುತ್ತದೆ. ಆದರೆ ಅಲ್ಲಿ ನಮ್ಮೊಂದಿಗೆ ಬೆಂಕಿ, ಮೋಟಾರು, ಯಂತ್ರ, ಬೆಳೆವಿಮೆಗಳ ಸರ್ವೇಯರುಗಳೂ ಇದ್ದಾರೆ. ಹಡಗಿನ ಕೆಲಸಕ್ಕೇ ಮೀಸಲಾದ ಸಂಘಗಳು ಬೇರೆ ಇವೆ. 1991ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಮರೈನ್ ಸರ್ವೇಯಿಂಗ್ ಅವುಗಳಲ್ಲಿ ಹೆಸರಾದದ್ದು, ಭಾರತದಲ್ಲಿಯೂ ಅದರ ಶಾಖೆಯಿದೆ. ಸರಕಿನ ತೂಕ ನಿರ್ಣಯ, ಹಡಗಿನ ಸ್ಥಿತಿಯ ತಪಾಸಣೆ, ಬಾಡಿಗೆಗೆ ಕೊಡುವಾಗ ಮತ್ತು ಮರಳಿ ಪಡೆಯುವಾಗ ಮಾಡುವ ಸರ್ವೇ ಮುಂತಾದ ಬಹುಪಾಲು ಕೆಲಸಗಳು ವಿಮಾ ಕಾಯ್ದೆಯ ವ್ಯಾಪ್ತಿಗೆ ಬರುವುದೇ ಇಲ್ಲ. ಕಾನೂನು ಮುಟ್ಟದ ಈ ಜಾಗದಲ್ಲಿ ಶಿಸ್ತನ್ನು ಕಾಯಬಲ್ಲದ್ದು ಸಂಘ ಮಾತ್ರ.

ಒತ್ತಡ ಎಂದರೆ ಏನು ಎಂಬುದನ್ನು ತಿಳಿಸಲು ಡ್ರಾಫ್ಟ್ ಸರ್ವೇಯನ್ನು ಸ್ವಲ್ಪ ಹತ್ತಿರದಿಂದ ವಿವರಿಸಬೇಕು. ಪಣಂಬೂರಿಗೆ ಕಲ್ಲಿದ್ದಲೋ ಸುಣ್ಣದ ಕಲ್ಲೋ ಗೊಬ್ಬರವೋ ತುಂಬಿದ ಹಡಗು ಬಂದಾಗ, ಅದರಲ್ಲಿ ಎಷ್ಟು ಸರಕಿದೆ ಎಂಬುದನ್ನು ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಎಂಬುದರಿಂದ ಲೆಕ್ಕ ಹಾಕುತ್ತೇವೆ. ಮುಂಭಾಗ, ನಡುಭಾಗ, ಹಿಂಭಾಗ, ಎರಡೂ ಪಕ್ಕಗಳಲ್ಲಿ ಹೀಗೆ ಆರು ಕಡೆ ಹಡಗಿನ ಮೈಮೇಲೆ ಬರೆದ ಅಂಕಿಗಳನ್ನು ಓದಬೇಕು. ಒಂದೊಂದು ಅಂಕಿಯೂ 10 ಸೆಂಟಿಮೀಟರ್ ಎತ್ತರ, ಎರಡು ಅಂಕಿಗಳ ನಡುವೆ 10 ಸೆಂಟಿಮೀಟರ್ ಅಂತರ. ಅಂಕಿಯ ಬುಡಕ್ಕೆ ನೀರು ತಾಗಿದರೆ ಆ ಅಂಕಿಯೇ ಓದು. ಜೆಟ್ಟಿಯ ಕಡೆಯದ್ದನ್ನು ನಿಂತಲ್ಲಿಂದಲೇ ಓದಬಹುದು, ಕಡಲಿನ ಕಡೆಯದ್ದಕ್ಕೆ ದೋಣಿಯಲ್ಲಿ ಹೋಗಬೇಕು ಅಥವಾ ಹಗ್ಗದ ಏಣಿಯಲ್ಲಿ ಇಳಿಯಬೇಕು. ಅಲೆ ಏರಿಳಿಯುತ್ತಿರುವಾಗ ಹೆಚ್ಚಿನ ಮಟ್ಟ, ಕಡಿಮೆ ಮಟ್ಟ ಎರಡನ್ನೂ ಹಲವು ಸಲ ನೋಡಿ ಸರಾಸರಿಗೆ ಬರಬೇಕು. ದೊಡ್ಡ ಬಲ್ಕ್ ಹಡಗುಗಳಲ್ಲಿ ಒಂದು ಸೆಂಟಿಮೀಟರ್ ಎಂದರೆ 50ರಿಂದ 60 ಟನ್. ಆಮೇಲೆ ಬಕೆಟ್ಟಿನಲ್ಲಿ ನೀರು ಎತ್ತಿ ಹೈಡ್ರೋಮೀಟರ್ ಇಳಿಬಿಟ್ಟು ಸಾಂದ್ರತೆ ನೋಡಬೇಕು. ಕಡಲ ನೀರಿಗೆ 1.025 ಎಂದು ಹಿಡಿಯುವುದು ವಾಡಿಕೆ, ಆದರೆ ಮಳೆಗಾಲದಲ್ಲಿ ಸಿಹಿನೀರು ಬೆರೆತು ಅದು ಇಳಿದಿರಬಹುದು. 50,000 ಟನ್ ನೀರನ್ನು ಸರಿಸಿ ನಿಂತ ಹಡಗಿನಲ್ಲಿ 1.020 ಇದ್ದುದನ್ನು 1.025 ಎಂದು ಬರೆದರೆ ಲೆಕ್ಕದಲ್ಲಿ ಸುಮಾರು 244 ಟನ್ ವ್ಯತ್ಯಾಸ ಬೀಳುತ್ತದೆ. ಹಡಗಿನ ಸಮತೋಲಕ್ಕಾಗಿ ಬ್ಯಾಲಸ್ಟ್ ಟ್ಯಾಂಕುಗಳಲ್ಲಿ ತುಂಬಿಟ್ಟ ನೀರು, ಉಳಿದ ಇಂಧನ, ಹಡಗಿನ ನಡು ಬಾಗಿದ್ದರೆ ಅದರ ತಿದ್ದುಪಡಿ ಎಲ್ಲವೂ ಸೇರಿದ ಮೇಲೆ ಬರುವ ಉತ್ತರ ಅರ್ಧ ಶೇಕಡಾದಷ್ಟು ಆಚೀಚೆ ಇದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಆ ಅರ್ಧ ಶೇಕಡಾದೊಳಗೆ ಬಹಳಷ್ಟು ಹಣ ಅಡಗಿರುತ್ತದೆ, ಒತ್ತಡ ಬರುವುದೂ ಅಲ್ಲಿಯೇ. ಯಾರೂ ಸುಳ್ಳು ಬರೆಯಿರಿ ಎನ್ನುವುದಿಲ್ಲ. ಸರಕು ತರಿಸಿದವರ ಪ್ರತಿನಿಧಿ, ‘ಅಲೆ ಇದೆಯಲ್ಲ ಸಾರ್, ಎರಡು ಸೆಂಟಿಮೀಟರ್ ಆಚೆ ನೋಡಬಹುದಲ್ಲ’ ಎನ್ನುತ್ತಾನೆ. ಹಡಗಿನ ಚೀಫ್ ಆಫೀಸರ್ ಬ್ಯಾಲಸ್ಟ್ ಟ್ಯಾಂಕಿನ ಅಳತೆಯನ್ನು ತನ್ನ ಪುಸ್ತಕದಿಂದಲೇ ಬರೆದುಕೊಳ್ಳಿ, ಮತ್ತೆ ಇಳಿದು ನೋಡುವುದೇಕೆ ಎನ್ನುತ್ತಾನೆ. ಒಮ್ಮೆ ನಾನು ಒಪ್ಪದೆ ಕಂಡದ್ದನ್ನೇ ಬರೆದುದಕ್ಕೆ ಕರೆದವರು ಮುಂದೆ ನನ್ನನ್ನು ಕರೆಯುವುದನ್ನೇ ನಿಲ್ಲಿಸಿದರು. ಅವರು ಬೇರೊಬ್ಬರನ್ನು ಹುಡುಕಿಕೊಂಡರು, ಅಷ್ಟೇ. ದೂರು ಕೊಡಲು ಯಾವ ಜಾಗವೂ ಇರಲಿಲ್ಲ, ಏಕೆಂದರೆ ಕೆಲಸ ಕೊಡದಿರುವುದು ಅಪರಾಧವಲ್ಲ. ಹಾಗೆ ಕೆಲಸ ಕಳೆದುಕೊಂಡ ಸರ್ವೇಯರನ ಜಾಗಕ್ಕೆ ಹೋಗುವ ಇನ್ನೊಬ್ಬ ಸರ್ವೇಯರನೂ ಅದೇ ನಿಯಮಾವಳಿಗೆ ಸಹಿ ಹಾಕಿದ ಅದೇ ಸಂಘದ ಸದಸ್ಯನಾಗಿದ್ದರೆ, ಅವನೂ ಅದೇ ಅಂಕಿಯನ್ನೇ ಬರೆಯುತ್ತಿದ್ದ. ವೃತ್ತಿಪರ ಸಂಘದ ಶಕ್ತಿ ಇರುವುದು ಇಲ್ಲಿ: ಒಬ್ಬನ ಪ್ರಾಮಾಣಿಕತೆಯನ್ನು ಅದು ಎಲ್ಲರ ವಾಡಿಕೆಯಾಗಿಸುತ್ತದೆ, ಆಗ ಸರ್ವೇಯರನನ್ನು ಬದಲಿಸಿ ಉತ್ತರವನ್ನು ಬದಲಿಸುವ ದಾರಿ ಮುಚ್ಚುತ್ತದೆ.

ದೊಡ್ಡ ಸಂಸ್ಥೆಯ ಸರ್ವೇಯರ್ ಕೂಡ ಈ ಒತ್ತಡದಿಂದ ಪಾರಾಗಿಲ್ಲ ಎಂಬುದಕ್ಕೆ ‘ನಿಕೋಲಸ್ ಎಚ್’ ಎಂಬ ಹಡಗಿನ ಪ್ರಕರಣವನ್ನು ಈ ವೃತ್ತಿಗೆ ಬರುವ ಪ್ರತಿಯೊಬ್ಬರೂ ಓದಬೇಕು. 1986ರ ಫೆಬ್ರವರಿಯಲ್ಲಿ ಸೀಸ ಮತ್ತು ಸತುವಿನ ಸರಕು ಹೊತ್ತ ಆ ಹಡಗಿನ ಮೈಯಲ್ಲಿ ಬಿರುಕು ಕಾಣಿಸಿಕೊಂಡು ಪೋರ್ಟೊರಿಕೊದ ಬಳಿ ಲಂಗರು ಹಾಕಿತು. ನೋಡಲು ಬಂದ ಕ್ಲಾಸ್ ಸರ್ವೇಯರ್ ಮೊದಲು, ಬಂದರಿಗೆ ಹೋಗಿ ಶಾಶ್ವತ ದುರಸ್ತಿ ಮಾಡಿಸಬೇಕು ಎಂದು ಹೇಳಿದ. ಅದಕ್ಕೆ ತಗಲುವ ಖರ್ಚಿನ ಕಾರಣಕ್ಕೆ ಹಡಗಿನ ಒಡೆಯರು ಒಪ್ಪಲಿಲ್ಲ. ಆಮೇಲೆ ಅದೇ ಸರ್ವೇಯರ್ ತಾತ್ಕಾಲಿಕ ವೆಲ್ಡಿಂಗ್ ಸಾಕು, ಪ್ರಯಾಣ ಮುಂದುವರಿಸಬಹುದು ಎಂದು ಮನಸ್ಸು ಬದಲಿಸಿದ. ಮಾರ್ಚ್ 2ರಂದು ಹಡಗು ಹೊರಟಿತು, ವೆಲ್ಡಿಂಗ್ ಬಿಟ್ಟುಕೊಂಡಿತು, ಮಾರ್ಚ್ 9ರಂದು ಸರಕಿನ ಸಮೇತ ಮುಳುಗಿತು. ಸರಕಿನ ಒಡೆಯರು ಹೂಡಿದ ದಾವೆ 1995ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಕ್ಲಾಸ್ ಸಂಸ್ಥೆಗೆ ಸರಕಿನ ಒಡೆಯರ ಬಗ್ಗೆ ಆ ಬಗೆಯ ಹೊಣೆಗಾರಿಕೆ ಇಲ್ಲ ಎಂಬ ತೀರ್ಪು ಬಂತು.

ಕಾನೂನಿನ ವಿದ್ಯಾರ್ಥಿಗಳು ಈ ತೀರ್ಪನ್ನು ಹೊಣೆಗಾರಿಕೆಯ ಮಿತಿಗಾಗಿ ಓದುತ್ತಾರೆ. ನಾನು ಓದುವುದು ಮೊದಲ ಸಲಹೆಗೂ ಎರಡನೆಯ ಸಲಹೆಗೂ ನಡುವೆ ಕಳೆದ ದಿನಗಳಿಗಾಗಿ. ಆ ದಿನಗಳಲ್ಲಿ ಆ ಮನುಷ್ಯನೊಡನೆ ಯಾರು ಮಾತಾಡಿದರು? ‘ನೀನು ಮೊದಲು ಹೇಳಿದ್ದೇ ಸರಿ, ಅದಕ್ಕೆ ಅಂಟಿಕೊಂಡು ನಿಲ್ಲು’ ಎಂದು ಹೇಳುವ ಹಿರಿಯನೊಬ್ಬನಿಗೆ ಫೋನು ಮಾಡಲು ಅವನಿಗೆ ಸಾಧ್ಯವಿತ್ತೇ? ಸಂಘವೊಂದು ತನ್ನ ಸದಸ್ಯರಿಗೆ ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಸೇವೆ ಇದೇ ಎಂದು ನನಗೆ ಅನಿಸುತ್ತದೆ: ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದಾದ, ಆ ಕೆಲಸದಲ್ಲಿ ಯಾವ ಸ್ವಾರ್ಥವೂ ಇಲ್ಲದ, ವಿಷಯ ಬಲ್ಲ ಒಬ್ಬ ವ್ಯಕ್ತಿ. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಸರದಿಯ ಪಟ್ಟಿ ಮತ್ತು ಗೌಪ್ಯತೆಯ ನಿಯಮ ಇದ್ದರೆ ಸಾಕು.

ಒಬ್ಬನಿಗೆ ತಿಳಿದದ್ದನ್ನು ಎಲ್ಲರಿಗೂ ತಲುಪಿಸುವುದು ಸಂಘದ ಇನ್ನೊಂದು ದೊಡ್ಡ ಕೆಲಸ. ಇದರ ಬೆಲೆ ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತಿರಬೇಕು. 2009ರ ಜುಲೈಯಲ್ಲಿ ನವಮಂಗಳೂರು ಬಂದರಿನಿಂದ ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಹೊರಟ ಸ್ವಲ್ಪದರಲ್ಲೇ ಒಂದು ಪಕ್ಕಕ್ಕೆ ವಾಲಿ ಮುಳುಗಿತು. ಅದೃಷ್ಟವಶಾತ್ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ರಕ್ಷಿಸಿತು. ಎರಡೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಒಡಿಶಾದ ಪಾರಾದೀಪದ ಬಳಿ ‘ಬ್ಲ್ಯಾಕ್ ರೋಸ್’ ಎಂಬ ಇನ್ನೊಂದು ಅದಿರಿನ ಹಡಗು ಮುಳುಗಿತು. ಎರಡೂ ಮಳೆಗಾಲದಲ್ಲಿ. ತೆರೆದ ಅಂಗಳದಲ್ಲಿ ರಾಶಿ ಹಾಕಿದ ಅದಿರಿನ ಪುಡಿ ಮಳೆನೀರು ಹೀರಿಕೊಳ್ಳುತ್ತದೆ; ಹಡಗಿನ ಕಂಪನಕ್ಕೆ ಕಣಗಳು ಒತ್ತೊತ್ತಾಗಿ ಕುಳಿತಂತೆ ನಡುವಿನ ನೀರಿಗೆ ಹೋಗಲು ಜಾಗವಿಲ್ಲದೆ ಇಡೀ ರಾಶಿ ಕೆಸರಿನಂತೆ ಹರಿಯತೊಡಗುತ್ತದೆ. ಹಡಗು ಒಂದು ಪಕ್ಕಕ್ಕೆ ವಾಲಿದಾಗ ಅತ್ತ ಹರಿದದ್ದು ಇತ್ತ ವಾಲಿದಾಗ ಮರಳಿ ಬರುವುದಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಅದು ಲೋಡಿಂಗ್ ಹೊತ್ತಿನಲ್ಲಿ ಒಣ ಮಣ್ಣಿನಂತೆಯೇ ಕಾಣುತ್ತಿರುತ್ತದೆ.

ಇಂಥ ಸರಕಿಗೆ ಅಂತರರಾಷ್ಟ್ರೀಯ ಘನಸರಕು ಸಂಹಿತೆ 2011ರ ಜನವರಿ 1ರಿಂದ ಕಡ್ಡಾಯವಾಯಿತು. ಸರಕಿನ ತೇವಾಂಶ ಎಷ್ಟಿದ್ದರೆ ಅದು ಹರಿಯತೊಡಗುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿದು, ಅದರ ಶೇಕಡಾ 90ರಷ್ಟನ್ನು ಸಾಗಣೆಯ ಮಿತಿ ಎಂದು ಹಿಡಿಯಬೇಕು. ತೇವಾಂಶದ ಪರೀಕ್ಷೆಗೂ ಲೋಡಿಂಗಿಗೂ ನಡುವೆ ಏಳು ದಿನಗಳಿಗಿಂತ ಹೆಚ್ಚು ಅಂತರವಿರಬಾರದು. ನಡುವೆ ಮಳೆ ಬಂದರೆ ಮತ್ತೆ ಪರೀಕ್ಷಿಸಬೇಕು. ಜೆಟ್ಟಿಯ ಮೇಲೆ ನಿಂತ ಸರ್ವೇಯರ್ ಮಾಡಬಹುದಾದ ಸರಳ ಪರೀಕ್ಷೆಯೂ ಒಂದಿದೆ. ಒಂದು ಡಬ್ಬಿಯಲ್ಲಿ ಅರ್ಧದಷ್ಟು ಸರಕು ಹಾಕಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಒಂದೆರಡು ಸೆಕೆಂಡಿಗೊಮ್ಮೆ 25 ಸಲ ಕುಟ್ಟಬೇಕು. ಮೇಲ್ಭಾಗದಲ್ಲಿ ನೀರು ಜಿನುಗಿ ಹೊಳೆಯತೊಡಗಿದರೆ ಆ ಸರಕನ್ನು ಹತ್ತಿಸುವ ಮೊದಲು ಮತ್ತೆ ಪ್ರಯೋಗಾಲಯಕ್ಕೆ ಕಳಿಸಬೇಕು. ನೀರು ಜಿನುಗಲಿಲ್ಲವೆಂದ ಮಾತ್ರಕ್ಕೆ ಸರಕು ಸುರಕ್ಷಿತ ಎಂದೂ ಹೇಳುವಂತಿಲ್ಲ. ಈ ಕೊನೆಯ ಮಾತನ್ನು ತಿಳಿಯದೆ ಡಬ್ಬಿ ಕುಟ್ಟಿದವರಿಂದ ಆಗುವ ಅನಾಹುತ ಡಬ್ಬಿಯನ್ನೇ ಕುಟ್ಟದವರಿಂದ ಆಗುವುದಕ್ಕಿಂತ ಕಡಿಮೆಯಲ್ಲ.

ಒಂದು ಬಂದರಿನಲ್ಲಿ ಕಲಿತ ಇಂಥ ಪಾಠ ಇನ್ನೊಂದು ಬಂದರಿನ ಸರ್ವೇಯರನಿಗೆ ಮರುದಿನವೇ ತಲುಪಬೇಕಾದರೆ ಅದನ್ನು ತಲುಪಿಸುವವರು ಬೇಕು. ಪ್ರತಿಯೊಬ್ಬ ಸರ್ವೇಯರನೂ ಇನ್ನೊಬ್ಬನಿಗೆ ವ್ಯಾಪಾರದಲ್ಲಿ ಪ್ರತಿಸ್ಪರ್ಧಿ. ಕಂಡದ್ದನ್ನು ತನ್ನ ಕಡತದಲ್ಲೇ ಇಟ್ಟುಕೊಳ್ಳುವುದು ಸಹಜ. ಹಡಗಿನ ಹೆಸರು, ಕಂಪನಿಯ ಹೆಸರು, ಸದಸ್ಯನ ಹೆಸರು ತೆಗೆದುಹಾಕಿ, ಏನು ಕಂಡಿತು, ಹೇಗೆ ಕಂಡಿತು ಎಂಬುದನ್ನಷ್ಟೇ ಎಲ್ಲ ಸದಸ್ಯರಿಗೂ ಸುತ್ತೋಲೆಯಾಗಿ ಕಳಿಸುವ ಸಂಘ ಆ ಕಡತಗಳನ್ನು ಎಲ್ಲರ ಆಸ್ತಿಯಾಗಿಸುತ್ತದೆ. ಸಮ್ಮೇಳನದ ಊಟಕ್ಕೆ ಖರ್ಚು ಮಾಡುವ ಹಣದ ಒಂದು ಪಾಲನ್ನು ಇಂಥ ಸುತ್ತೋಲೆಗಳನ್ನು ಸಂಪಾದಿಸುವ ಒಬ್ಬರಿಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ವಿನಿಯೋಗ ಬೇರಿಲ್ಲ.

ವರದಿ ಬರೆಯುವ ಕಲೆಯೂ ಹೀಗೆಯೇ ಹಂಚಿಕೊಂಡು ಬೆಳೆಯುವಂಥದ್ದು. 2009ರಲ್ಲಿ ಸುಪ್ರೀಂ ಕೋರ್ಟು ಮೋಟಾರು ವಿಮೆಯ ಪ್ರಕರಣವೊಂದರಲ್ಲಿ, ಸರ್ವೇಯರನ ವರದಿಯು ಅಂತಿಮ ಮಾತಲ್ಲ, ಅದರಿಂದ ಸರಿಯಲೇಬಾರದು ಎಂಬಷ್ಟು ಪವಿತ್ರವೂ ಅಲ್ಲ ಎಂದು ಸ್ಪಷ್ಟಪಡಿಸಿತು. ನಮ್ಮವರಲ್ಲಿ ಕೆಲವರು ಇದನ್ನು ವೃತ್ತಿಗಾದ ಹಿನ್ನಡೆಯೆಂದು ತಿಳಿದರು. ನನಗೆ ಹಾಗೆ ಅನಿಸುವುದಿಲ್ಲ. ಕಾರಣಗಳು ಗಟ್ಟಿಯಾಗಿದ್ದರೆ ಮಾತ್ರ ವರದಿ ನಿಲ್ಲುತ್ತದೆ ಎಂಬುದು ಒಳ್ಳೆಯ ಸರ್ವೇಯರನಿಗೆ ಅನುಕೂಲವಾದ ನಿಯಮವೇ ಆಗಿದೆ.

ಉದಾಹರಣೆಗೆ ಆಫ್ರಿಕಾದಿಂದ ಕಂಟೈನರುಗಳಲ್ಲಿ ಬರುವ ಗೇರುಬೀಜವನ್ನೇ ತೆಗೆದುಕೊಳ್ಳಿ. ಬಾಗಿಲು ತೆರೆದಾಗ ಮೇಲಿನ ಸಾಲಿನ ಚೀಲಗಳು ಒದ್ದೆಯಾಗಿ ಬೂಷ್ಟು ಹಿಡಿದಿರುತ್ತವೆ. ಈ ನೀರು ಎಲ್ಲಿಂದ ಬಂತು? ಕಡಲ ನೀರು ತಗಡಿನ ತೂತಿನಿಂದ ಒಳಬಂದಿದ್ದರೆ ಹೊಣೆ ಒಬ್ಬರದು. ಸರಿಯಾಗಿ ಒಣಗಿಸದ ಬೀಜದ ತೇವವೇ ಆವಿಯಾಗಿ ಮೇಲಿನ ತಗಡಿಗೆ ತಾಗಿ ಹನಿಯಾಗಿ ಬಿದ್ದಿದ್ದರೆ ಹೊಣೆ ಇನ್ನೊಬ್ಬರದು. ಸರ್ವೇಯರ್ ಒದ್ದೆಯಾದ ಕಡೆ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿಗಳನ್ನು ಬಿಡುತ್ತಾನೆ. ಉಪ್ಪಿದ್ದರೆ ಹನಿ ಹಾಲಿನಂತೆ ಬೆಳ್ಳಗಾಗುತ್ತದೆ. ಆದರೆ ಕೈಬೆವರಿನಲ್ಲೂ ಉಪ್ಪಿದೆ, ಕೆಲವು ಬಾವಿನೀರಿನಲ್ಲೂ ಇದೆ. ಅದೇ ಕಂಟೈನರಿನ ಒಣ ಚೀಲವೊಂದರ ಮೇಲೂ ಪರೀಕ್ಷೆ ಮಾಡಿ ಎರಡನ್ನೂ ಹೋಲಿಸಿದ್ದೇನೆ ಎಂದು ಬರೆಯದ ವರದಿಯನ್ನು ಎದುರು ಪಕ್ಷದ ವಕೀಲರು ಹತ್ತು ನಿಮಿಷದಲ್ಲಿ ಬೀಳಿಸಬಲ್ಲರು. ಹೊಸಬನ ವರದಿಯನ್ನು ಹಿರಿಯ ಸದಸ್ಯನೊಬ್ಬ ಓದಿ, ‘ಒಣ ಚೀಲದ ಸಾಲು ಎಲ್ಲಿದೆ?’ ಎಂದು ಪುಟದ ಅಂಚಿನಲ್ಲಿ ಬರೆದು ಮರಳಿಸುವ ಪದ್ಧತಿಯನ್ನು ಸಂಘ ನಡೆಸಿದರೆ, ಅದು ಹಲವು ತರಬೇತಿ ಶಿಬಿರಗಳಿಗೆ ಸಮ.

ಇಷ್ಟು ಹೇಳಿದ ಮೇಲೆ ಸಂಘಗಳು ಈಗ ಇರುವ ರೀತಿಯಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ಹೆಸರಿನ ಮುಂದೆ ಹಾಕಿಕೊಳ್ಳುವ ನಾಲ್ಕು ಅಕ್ಷರಗಳಿಗಾಗಿಯೇ ಸದಸ್ಯರಾಗುವವರು ಬಹಳ ಮಂದಿ ಇದ್ದಾರೆ. ವರ್ಷಕ್ಕಿಷ್ಟು ಗಂಟೆಗಳ ಕಲಿಕೆ ಎಂಬ ನಿಯಮ ಬಹಳ ಕಡೆ ಹಾಜರಿ ಪುಸ್ತಕದ ಸಹಿಗೆ ಮುಗಿಯುತ್ತದೆ. ಸಂಘದ ಅಂಗಳದಲ್ಲಿ ಸಂಭಾವನೆಯ ದರವನ್ನು ಎಲ್ಲರೂ ಸೇರಿ ನಿಗದಿಪಡಿಸೋಣ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ, ಮತ್ತು ಕಾನೂನು ಬಿಟ್ಟರೂ ಅದು ಸಂಘವನ್ನು ವ್ಯಾಪಾರಿಗಳ ಕೂಟವಾಗಿಸುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಶಿಸ್ತಿನದು. ತಪ್ಪು ಮಾಡಿದ ಸದಸ್ಯನನ್ನು ಹೊರಹಾಕಿದರೂ ಅವನು ಮರುದಿನ ಸದಸ್ಯತ್ವವಿಲ್ಲದೆಯೇ ಅದೇ ಕೆಲಸ ಮುಂದುವರಿಸಬಹುದು. ಹಾಗಾಗಿ ದೂರುಗಳು ಬಂದರೂ ಸಂಘಗಳು ಸದ್ದಿಲ್ಲದೆ ಮುಗಿಸಿಬಿಡುತ್ತವೆ. ನಿರ್ಧಾರಗಳನ್ನು ಕಾರಣಸಹಿತ ಪ್ರಕಟಿಸದ ಸಂಘವನ್ನು ಹೊರಗಿನವರು ನಂಬಬೇಕಾದ ಅಗತ್ಯವಿಲ್ಲ. ವಿಮಾ ಕಂಪನಿಗಳೂ ಪಿ ಆಂಡ್ ಐ ಕ್ಲಬ್ಬುಗಳೂ ಸಂಘದ ಶಿಸ್ತಿನ ಪಟ್ಟಿಯನ್ನು ನೋಡಿ ಸರ್ವೇಯರುಗಳನ್ನು ನೇಮಿಸುವ ಅಭ್ಯಾಸ ಬೆಳೆದರೆ ಆಗ ಹೊರಹಾಕುವಿಕೆಗೆ ಅರ್ಥ ಬರುತ್ತದೆ. ಲೋಕದ ಸಾಗರಯಾನದ ಹಡಗುಗಳ ಒಟ್ಟು ಟನ್ನೇಜಿನ ಸುಮಾರು ಶೇಕಡಾ 90ರಷ್ಟಕ್ಕೆ ಹೊಣೆ ವಿಮೆ ಕೊಡುವ ಈ ಕ್ಲಬ್ಬುಗಳ ಒಂದು ಒಪ್ಪಿಗೆ ಕಾನೂನಿನ ತಿದ್ದುಪಡಿಯಷ್ಟೇ ಪರಿಣಾಮ ಬೀರಬಲ್ಲದು.

ನಮ್ಮ ಕಾಸರಗೋಡು ಜಿಲ್ಲೆಯ ಅಗತ್ಯ ಇನ್ನೂ ಬೇರೆ ಬಗೆಯದು, ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು. ಸಂಘಗಳ ಕಚೇರಿಗಳು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇವೆ. ಅವರ ಕಣ್ಣಿಗೆ ಬಂದರು ಎಂದರೆ ಕ್ರೇನುಗಳಿರುವ ಬಂದರು. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕಡಲತೀರದಲ್ಲಿ ಸರ್ವೇ ಬೇಕಾದದ್ದು ಬೋಟುಗಳಿಗೆ, ಫೈಬರ್ ದೋಣಿಗಳಿಗೆ, ವಲಿಯಪರಂಬದ ಹಿನ್ನೀರಿನ ಹೌಸ್‌ಬೋಟುಗಳಿಗೆ. ಹೆಬ್ಬಲಸಿನ ಹಲಗೆಯ ಮೇಲೆ ಫೈಬರ್ ಹೊದಿಸಿದ ಹಳೆಯ ಬೋಟೊಂದನ್ನು ದಡಕ್ಕೆ ಎಳೆದಾಗ ನೋಡಿದರೆ ಹೊರಮೈ ಹೊಸದರಂತೆ ಹೊಳೆಯುತ್ತಿರುತ್ತದೆ. ಚಿಕ್ಕ ಸುತ್ತಿಗೆಯಿಂದ ಗೇಣಿಗೊಂದು ಪೆಟ್ಟು ಹಾಕುತ್ತ ಬೋಟಿನ ಅಡಿಯ ಉದ್ದ ತೊಲೆಯಾದ ಕೀಲ್‌ನ ಉದ್ದಕ್ಕೂ ನಡೆದರೆ, ಗಟ್ಟಿ ಮರದ ಮೇಲೆ ಟಣ್ ಎನ್ನುವ ಸದ್ದು ಒಂದು ಕಡೆ ಇದ್ದಕ್ಕಿದ್ದಂತೆ ಬದ್ ಎಂದು ಇಳಿಯುತ್ತದೆ. ಅಲ್ಲಿ ಫೈಬರಿನ ಹಿಂದೆ ಮರ ಕೊಳೆತಿದೆ, ಅಥವಾ ಫೈಬರು ಮರದಿಂದ ಬಿಟ್ಟುಕೊಂಡಿದೆ. ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಆ ಸುತ್ತಿನ ಅಂಚು ಎಲ್ಲಿ ಮುಗಿಯುತ್ತದೆ ಎಂದು ಮತ್ತೆ ಬಡಿದು ನೋಡಬೇಕು. ಇದನ್ನು ಪಠ್ಯದಿಂದ ಕಲಿಯಲಾಗದು. ಕಸಬಾ ಕಡಪ್ಪುರದ ಹಳೆಯ ಬೋಟು ಬಡಗಿಗಳು ಕಣ್ಣುಮುಚ್ಚಿ ಹೇಳಬಲ್ಲ ಈ ಜ್ಞಾನಕ್ಕೆ ಯಾವ ಸಂಘದ ಪಠ್ಯಕ್ರಮದಲ್ಲೂ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ಬೇಸರ.

ಬೋಟು ಅಳಿವೆಯ ಬಾಯಿಯಲ್ಲಿ ಮರಳುದಿಬ್ಬಕ್ಕೆ ಬಡಿದು ಮಗುಚಿದ ಮೇಲೆ ಒಡೆಯ ಬಂದು, ‘ವಿಮೆ ಕಟ್ಟಿದ್ದೇವಲ್ಲ ಸಾರ್, ಮತ್ತೆ ಯಾಕೆ ಕೊಡುವುದಿಲ್ಲ?’ ಎಂದು ಕೇಳುತ್ತಾನೆ. 1963ರ ಸಾಗರ ವಿಮಾ ಕಾಯ್ದೆಯಂತೆ ಅವಧಿಯ ಪಾಲಿಸಿಯಲ್ಲಿ, ಬೋಟು ಕಡಲಿಗೆ ಯೋಗ್ಯವಲ್ಲವೆಂದು ತಿಳಿದೂ ಒಡೆಯ ಅದನ್ನು ಕಳಿಸಿದ್ದು, ಆ ಕೊರತೆಯಿಂದಲೇ ನಷ್ಟವಾದರೆ ವಿಮಾ ಕಂಪನಿ ಹೊಣೆಯಲ್ಲ. ಅಂದರೆ ಸರ್ವೇಯರ್ ಬರೆಯುವ ಒಂದು ಸಾಲು, ಒಡೆಯನಿಗೆ ಗೊತ್ತಿತ್ತೇ ಇಲ್ಲವೇ ಎಂಬುದರ ಮೇಲೆ, ಒಂದು ಮನೆಯ ಇಡೀ ಬದುಕನ್ನು ತೀರ್ಮಾನಿಸುತ್ತದೆ. ಪಾಲಿಸಿ ಇಂಗ್ಲಿಷಿನಲ್ಲಿ, ವರದಿ ಇಂಗ್ಲಿಷಿನಲ್ಲಿ. ಒಡೆಯನ ಮನೆಮಾತು ತುಳುವೋ ಮಲಯಾಳವೋ ಬ್ಯಾರಿಯೋ ಆಗಿದ್ದು, ಅವನು ಓದಿದ್ದು ಕನ್ನಡ ಶಾಲೆಯಲ್ಲೋ ಮಲಯಾಳ ಶಾಲೆಯಲ್ಲೋ ಇರುತ್ತದೆ. ಪಾಲಿಸಿ ಕೊಳ್ಳುವಾಗ ಏನು ಒಪ್ಪಿಕೊಂಡಿದ್ದೇನೆ, ಕಡಲಿಗೆ ಇಳಿಸುವ ಮೊದಲು ಏನು ಮಾಡಿಸಿಟ್ಟರೆ ನನ್ನ ಪರವಾಗಿ ದಾಖಲೆಯಿರುತ್ತದೆ ಎಂಬುದನ್ನು ಎರಡು ಪುಟದಲ್ಲಿ ಅವನ ಭಾಷೆಯಲ್ಲಿ ತಿಳಿಸುವುದು ವಿಮಾ ಕಂಪನಿಯ ಆಸಕ್ತಿಯಲ್ಲ. ಅದನ್ನು ಮಾಡಬೇಕಾದವರು ಯಾರ ಪಕ್ಷವೂ ಅಲ್ಲದವರು, ಅಂದರೆ ಸಂಘದವರು.

2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಅದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಿಗಳಿಗಾಗಿ ಮಾರ್ಪಡಿಸಿದ್ದಾಗಿತ್ತು, ಹಿಡಿಸಬೇಕಾದದ್ದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ದೋಣಿಯ ಮೇಲೊಂದು ಅಂತಸ್ತು ಸೇರಿಸಿದಾಗ ಭಾರದ ಕೇಂದ್ರ ಎಷ್ಟು ಮೇಲೇರುತ್ತದೆ, ಜನರೆಲ್ಲ ಒಂದೇ ಪಕ್ಕಕ್ಕೆ ಬಂದರೆ ಅದು ಮರಳಿ ನೇರವಾಗುತ್ತದೆಯೇ ಎಂಬುದನ್ನು ತೂಕ ಸರಿಸಿ, ಲಂಬಸೂತ್ರ ತೂಗುಹಾಕಿ ಅರ್ಧ ದಿನದಲ್ಲಿ ಪರೀಕ್ಷಿಸಬಹುದು. ತಾನೂರಿನ ನಂತರ ನೀಲೇಶ್ವರದ ಕೋಟ್ಟಪ್ಪುರದಲ್ಲಿ ಹೌಸ್‌ಬೋಟು ಹತ್ತುವ ಪ್ರತಿ ಕುಟುಂಬಕ್ಕೂ ಆ ಪರೀಕ್ಷೆಯ ಬಗ್ಗೆ ಕೇಳುವ ಹಕ್ಕಿದೆ ಎಂದು ಹೇಳಲು ಒಂದು ವೃತ್ತಿಪರ ದನಿ ಬೇಕಿತ್ತು. ವೈಯಕ್ತಿಕವಾಗಿ ಸರ್ವೇಯರ್ ಹಾಗೆ ಹೇಳಿದರೆ ಕೆಲಸಕ್ಕಾಗಿ ಹೇಳುತ್ತಾನೆ ಎನ್ನುತ್ತಾರೆ. ಸಂಘ ಹೇಳಿದರೆ ಆ ಆಕ್ಷೇಪಕ್ಕೆ ಬಲವಿಲ್ಲ.

2025ರ ಮೇ 25ರಂದು ಕೊಚ್ಚಿಯ ಬಳಿ 640 ಕಂಟೈನರುಗಳೊಂದಿಗೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು; ಜೂನ್ 9ರಂದು ಕಣ್ಣೂರಿನ ಆಚೆಗಿನ ಕಡಲಿನಲ್ಲಿ ‘ವಾನ್ ಹೈ 503’ಕ್ಕೆ ಬೆಂಕಿ ಬಿತ್ತು, ಅದರ 22 ಸಿಬ್ಬಂದಿಯಲ್ಲಿ ರಕ್ಷಿಸಲ್ಪಟ್ಟ 18 ಮಂದಿಯನ್ನು ಮಂಗಳೂರಿಗೆ ತಂದರು. ದಡಕ್ಕೆ ಬಂದ ವಸ್ತುಗಳನ್ನು ಮುಟ್ಟಬೇಡಿ ಎಂದು ಕರಾವಳಿಯ ಜನರಿಗೆ ಸೂಚನೆ ಬಂತು. ಎಲ್ಸಾ ಪ್ರಕರಣದಲ್ಲಿ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರಕ್ಕಾಗಿ ಹೈಕೋರ್ಟಿಗೆ ಹೋಯಿತು. ಹಡಗಿನ ಒಡೆಯರ ಕಡೆ, ಅವರ ವಿಮಾ ಕ್ಲಬ್ಬಿನ ಕಡೆ ಅನುಭವಿ ಸರ್ವೇಯರುಗಳು ಮೊದಲ ದಿನದಿಂದಲೇ ಇರುತ್ತಾರೆ. ಬಲೆ ಹರಿದ, ಕೆಲಸ ಕಳೆದುಕೊಂಡ ಮೀನುಗಾರನ ನಷ್ಟವನ್ನು ಅದೇ ಮಟ್ಟದ ಪರಿಣತಿಯಿಂದ ಅಳೆದು ದಾಖಲಿಸುವವರು ಯಾರು? ನಷ್ಟ ನಿಜವಾಗಿದ್ದರೂ ಫೋಟೊ, ದಿನಾಂಕ, ಹರಿದ ಬಲೆಯ ಅಳತೆ, ಖರೀದಿಯ ರಸೀದಿ ಇಲ್ಲದೆ ನ್ಯಾಯಾಲಯದಲ್ಲಿ ಅದು ನಿಲ್ಲುವುದಿಲ್ಲ. ದುಡ್ಡು ಕೊಡಲಾಗದವರಿಗಾಗಿ ಕೆಲಸ ಮಾಡುವ ಸದಸ್ಯರ ಪಟ್ಟಿಯೊಂದನ್ನು ಸಂಘ ಮೊದಲೇ ಸಿದ್ಧವಾಗಿ ಇಟ್ಟುಕೊಂಡಿರಬೇಕು; ಹಡಗು ಮುಳುಗಿದ ಮೇಲೆ ಪಟ್ಟಿ ಮಾಡುತ್ತ ಕೂರಲಾಗದು.

ಇದನ್ನು ಆರಂಭಿಸಲು ನಮ್ಮಲ್ಲಿ ಕಾಲವೂ ಸಿದ್ಧವಾಗಿದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧವಿರುತ್ತದೆ, ಬೋಟುಗಳು ದಡದಲ್ಲಿರುತ್ತವೆ, ಬಡಗಿಗಳೂ ಎಂಜಿನ್ ಮೆಕ್ಯಾನಿಕರೂ ಅಲ್ಲಿಯೇ ಕೆಲಸದಲ್ಲಿರುತ್ತಾರೆ. ಹಿರಿಯ ಸರ್ವೇಯರೊಬ್ಬ, ತರಬೇತಿಯಲ್ಲಿರುವ ಇಬ್ಬರು, ಊರಿನ ಬಡಗಿಯೊಬ್ಬ ಹೀಗೆ ನಾಲ್ವರ ತಂಡ ಒಂದೊಂದು ಬಂದರಿಗೆ ಹೋಗಿ, ಕೇಳಿದವರ ಬೋಟುಗಳನ್ನು ಬಡಿದು ನೋಡಿ, ಕಂಡದ್ದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಹಾಳೆಯಲ್ಲಿ ಬರೆದುಕೊಡಬಹುದು. ತರಬೇತಿಗೆ ನಮ್ಮ ಮೊಗವೀರ, ಮುಕ್ಕುವ ಮನೆಗಳ ಡಿಪ್ಲೊಮಾ ಓದಿದ ಹುಡುಗ ಹುಡುಗಿಯರನ್ನೇ ಆರಿಸಿದರೆ, ಅಲೆಯ ಸ್ವಭಾವವನ್ನು ಅವರಿಗೆ ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ. ಆ ಹಾಳೆಯ ಮೇಲೆ ಸರ್ವೇಯರನ ಹೆಸರು, ಸಂಘದ ಸದಸ್ಯತ್ವ ಸಂಖ್ಯೆ, ಮತ್ತು ವರದಿ ಸರಿಯಿಲ್ಲವೆಂದು ಅನಿಸಿದರೆ ಯಾರಿಗೆ ಬರೆಯಬೇಕು ಎಂಬ ವಿಳಾಸ ಇರಬೇಕು; ಹಾಗೆ ಬಂದ ಪತ್ರವನ್ನು ಓದಿ ತೀರ್ಮಾನಿಸುವ ಸಮಿತಿಯಲ್ಲಿ ಸರ್ವೇಯರುಗಳ ಜೊತೆಗೆ ಬೋಟು ನಡೆಸಿ ಗೊತ್ತಿರುವ ಒಬ್ಬ ಮೀನುಗಾರನಿಗೂ ಸ್ಥಾನವಿರಬೇಕು.